ಪೇಶ್ವೆ ಸವಾಯಿ ಮಾಧವರಾಯ: ಪೂರ್ತಿಯಾಗದೆ ಉಳಿದ ಮುಖಚಿತ್ರ

ಪುಣೆಯಿಂದ ಅಹಮದನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಘೋಡ ನದಿಯ ದಂಡೆಯ ಮೇಲೆ, ಶಿರೂರು ಎಂಬ ತಾಲೂಕಿನ ಪಟ್ಟಣವಿದೆ. (ಅಹಮದನಗರಕ್ಕೆ ಈಗ ಅಹಿಲ್ಯಾನಗರವೆಂದು ಹೆಸರಾಗಿದೆ.) ನದಿಯ ಹೆಸರಿನಿಂದಲೇ ಈ ಊರನ್ನು ಘೋಡನದಿ ಎಂದು ಕರೆಯುವುದೂ ರೂಢಿಯಲ್ಲುಂಟು. ಕುಂದಾಪುರ, ಬೈಂದೂರುಗಳ ಕಡೆಯಿಂದ ಬಂದ ನಮ್ಮವನೊಬ್ಬನು ಮೊದಲ ಸಲ ಪುಣೆಯ ಬಸ್ ನಿಲ್ದಾಣದಲ್ಲಿ ಶಿರೂರಿನ ಫಲಕವನ್ನು ಕಂಡರೆ ಕಣ್ಣುಜ್ಜಿಕೊಂಡು ನೋಡುವನು. ಊರಿನ ಬಸ್ಸು ಇಲ್ಲಿಗೆ ಹೇಗೆ ಬಂದಿತೆಂದು ಒಂದು ಕ್ಷಣ ಬೆರಗಾಗುವನು. ಆದರೆ ಇದು ಕಡಲ ದಂಡೆಯ ಶಿರೂರಲ್ಲ. ಜೋಳ, ಕಬ್ಬು, ಈರುಳ್ಳಿ ಬೆಳೆಯುವ ಬಯಲುಸೀಮೆಯ ಶಿರೂರು.

ಕಳೆದ ಮಳೆಗಾಲದಲ್ಲಿ ಅಲ್ಲಿಯ ಒಂದು ಉಪಾಹಾರಗೃಹದಲ್ಲಿ ಕುಳಿತಿದ್ದಾಗ ಒಂದು ಚಿಕ್ಕ ಸಂಗತಿ ನಡೆಯಿತು. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಕೆಲಸದ ಮಾಣಿಯೊಬ್ಬನು, ಕಿವಿಗೆ ಸಿಕ್ಕಿಸಿಕೊಂಡಿದ್ದ ಮೊಂಡು ಪೆನ್ಸಿಲನ್ನು ತೆಗೆದು, ಬಿಲ್ಲಿನ ಹಾಳೆಯ ಹಿಂಬದಿಯಲ್ಲಿ ಗಲ್ಲೆಯ ಮೇಲೆ ಕುಳಿತಿದ್ದ ರಾಯರ ಮುಖವನ್ನು ಬರೆಯುತ್ತಿದ್ದನು. ಹುಬ್ಬು, ಕನ್ನಡಕ, ಸ್ವಲ್ಪ ಮುಂದೆ ಬಂದ ಕೆಳತುಟಿ, ಇಷ್ಟು ಮೂಡಿದ್ದವು. ಒಂದು ಕಿವಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಯಾತ್ರಿಕರ ಬಸ್ಸೊಂದು ಬಂದು ನಿಂತಿತು. ಹುಡುಗನು ಹಾಳೆಯನ್ನು ಗಲ್ಲೆಯ ಮೇಲಿಟ್ಟು ನೀರಿನ ಲೋಟಗಳ ಕಡೆಗೆ ಓಡಿದನು. ರಾಯರು ಅದನ್ನೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ತಲೆಯ ಮೇಲೆಯೇ ಗೋಡೆಯಲ್ಲಿ ಅವರದೊಂದು ಫೋಟೋ ಇದೆ, ಶಾಲು ಹೊದ್ದು ತೆಗೆಸಿಕೊಂಡದ್ದು. ಅದನ್ನು ಅವರು ಹಾಗೆ ನೋಡಿದುದನ್ನು ನಾನು ಎಂದೂ ಕಂಡಿಲ್ಲ.

ಆಗ ನನಗೆ ನೆನಪಾದವನು ಇದೇ ಪುಣೆ ಪ್ರಾಂತದ ಒಡೆಯನಾಗಿದ್ದು, ಇಪ್ಪತ್ತೊಂದನೆಯ ವಯಸ್ಸಿಗೇ ಕಣ್ಮುಚ್ಚಿದ ಪೇಶ್ವೆ ಸವಾಯಿ ಮಾಧವರಾಯ. ಅವನ ಹೆಸರನ್ನು ನಮ್ಮ ವಾಚಕರಲ್ಲಿ ಕೇಳದವರು ವಿರಳ. ವಾರದ ರಜೆಯ ದಿನ ಶನಿವಾರವಾಡೆಯನ್ನು ನೋಡಲು ಹೋದವರಿಗೆ ಅವನು ಮಹಡಿಯಿಂದ ಬಿದ್ದು ಸತ್ತ ಕಥೆಯನ್ನು ಯಾರಾದರೊಬ್ಬರು ಹೇಳಿಯೇ ಇರುತ್ತಾರೆ. ಸಾವಿನ ಕಥೆ ಎಲ್ಲರಿಗೂ ಗೊತ್ತು. ಆದರೆ ಅವನು ಬದುಕಿದ್ದಾಗ ಅವನ ಮುಖವನ್ನು ತಾಸುಗಟ್ಟಲೆ ನಿಟ್ಟಿಸಿ ನೋಡಿ ಕಾಗದದ ಮೇಲೆ ಇಳಿಸಿದವನೊಬ್ಬನಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈ ಪೇಶ್ವೆಯ ಬಾಳಿನ ಮೊದಲ ಪುಟವೇ ಒಂದು ಕೊಲೆ. 1773ನೆಯ ಇಸವಿಯ ಆಗಸ್ಟ್ 30ರಂದು, ವಾಡೆಯಲ್ಲಿ ಗಣೇಶೋತ್ಸವ ನಡೆದಿದ್ದ ದಿನಗಳಲ್ಲಿ, ಅವನ ತಂದೆ ನಾರಾಯಣರಾಯ ಪೇಶ್ವೆಯನ್ನು ಗಾರ್ದಿ ಸಿಪಾಯಿಗಳು ಶನಿವಾರವಾಡೆಯೊಳಗೇ ಅಟ್ಟಿಸಿಕೊಂಡು ಹೋಗಿ ಕಡಿದುಹಾಕಿದರು. ಇದರ ಹಿಂದೆ ಇದ್ದವನು ನಾರಾಯಣರಾಯನ ಚಿಕ್ಕಪ್ಪ ರಘುನಾಥರಾಯ. ಹಿಡಿಯಿರೆಂಬ ಅಪ್ಪಣೆಯನ್ನು ಒಂದಕ್ಷರ ತಿದ್ದಿ ಕೊಲ್ಲಿರೆಂದು ಮಾಡಿದವಳು ಅವನ ಹೆಂಡತಿ ಆನಂದಿಬಾಯಿ ಎಂಬ ಮಾತು ಮರಾಠಿ ಜನರ ಬಾಯಲ್ಲಿ ಇಂದಿಗೂ ಇದೆ. ಇದು ಕಟ್ಟುಕಥೆಯೇ ಇರಬಹುದು. ಹೆಂಗಸಿನ ಮೇಲೆ ಹೊರಿಸಿದ ಕಥೆಗಳಿಗೆ ಆಯುಸ್ಸು ಹೆಚ್ಚು.

ಸತ್ತವನ ಹೆಂಡತಿ ಗಂಗಾಬಾಯಿ ಆಗ ಗರ್ಭಿಣಿ. ರಾಜ್ಯದ ಹಿರಿಯ ಕಾರಭಾರಿಗಳು ಒಟ್ಟಾಗಿ ರಘುನಾಥರಾಯನ ವಿರುದ್ಧ ಒಂದು ಕೂಟವನ್ನು ಕಟ್ಟಿದರು. ಅದಕ್ಕೆ ಬಾರಭಾಯಿ, ಎಂದರೆ ಹನ್ನೆರಡು ಸೋದರರು, ಎಂದು ಹೆಸರಾಯಿತು. ಅವರು ಆಕೆಯನ್ನು ಪುರಂದರದ ಕೋಟೆಗೆ ಸಾಗಿಸಿ ಕಾಪಾಡಿದರು. 1774ನೆಯ ಏಪ್ರಿಲ್ 18ರಂದು ಅಲ್ಲಿ ಗಂಡು ಮಗು ಹುಟ್ಟಿತು. ಮಗುವಿಗೆ ನಲವತ್ತು ದಿನಗಳು ತುಂಬುವ ಹೊತ್ತಿಗೆ ಸಾತಾರೆಯ ಛತ್ರಪತಿಯಿಂದ ಪೇಶ್ವೆ ಪದವಿಯ ವಸ್ತ್ರಗಳು ಬಂದವು. ತೊಟ್ಟಿಲಲ್ಲಿದ್ದವನು ಹಿಂದೂಸ್ಥಾನದ ಅತ್ಯಂತ ದೊಡ್ಡ ಸೈನ್ಯಕ್ಕೆ ಒಡೆಯನಾದನು. ಅವನಿಗೆ ಇಟ್ಟ ಹೆಸರು ಮಾಧವರಾಯ. ಅದು ಪಾನಿಪತದ ಸೋಲಿನ ತರುವಾಯ ರಾಜ್ಯವನ್ನು ಎತ್ತಿ ನಿಲ್ಲಿಸಿ 1772ರಲ್ಲಿ ತೀರಿಕೊಂಡಿದ್ದ ದೊಡ್ಡಪ್ಪನ ಹೆಸರು. ಅದಕ್ಕೆ ಸವಾಯಿ ಎಂದು ಸೇರಿಸಿದರು. ಸವಾಯಿ ಎಂದರೆ ಒಂದೂಕಾಲು. ದೊಡ್ಡಪ್ಪನಿಗಿಂತ ಕಾಲುಪಾಲು ಹೆಚ್ಚಿನವನಾಗಬೇಕೆಂಬ ಹೊರೆಯನ್ನು ಕೂಸಿನ ತಲೆಯ ಮೇಲೆ ಮೊದಲ ದಿನವೇ ಇಟ್ಟಂತಾಯಿತು.

ರಘುನಾಥರಾಯನು ಇಂಗ್ಲಿಷರ ಮರೆಹೊಕ್ಕನು. ಈ ಕೂಸಿನ ಹಕ್ಕಿಗಾಗಿ ಏಳು ವರುಷ, 1775ರಿಂದ 1782ರ ತನಕ, ಯುದ್ಧ ನಡೆಯಿತು. ಅದರ ನಡುವೆ 1777ರಲ್ಲಿ ತಾಯಿ ಗಂಗಾಬಾಯಿಯೂ ತೀರಿಕೊಂಡಳು. ಮಗುವಿಗೆ ಆಗ ಮೂರು ವರುಷ. ತಂದೆಯ ಮುಖವನ್ನು ಅದು ಕಂಡೇ ಇರಲಿಲ್ಲ. ತಾಯಿಯ ಮುಖವೂ ನೆನಪಿನಲ್ಲಿ ಉಳಿಯಲಾರದ ವಯಸ್ಸು.

ಅಲ್ಲಿಂದ ಮುಂದೆ ಅವನ ಬಾಳಿನಲ್ಲಿ ಎಲ್ಲೆಲ್ಲಿಯೂ ಕಾಣುವ ಹೆಸರು ನಾನಾ ಫಡನವೀಸ. ಬಾಳಾಜಿ ಜನಾರ್ದನ ಭಾನು ಎಂಬುದು ಇವನ ನಿಜವಾದ ಹೆಸರು, ಹುಟ್ಟಿದುದು 1742ರಲ್ಲಿ. ಪಾನಿಪತದ ಯುದ್ಧಭೂಮಿಯಿಂದ ಪಾರಾಗಿ ಬಂದವನು. ಲೆಕ್ಕಪತ್ರಗಳ ಅಧಿಕಾರಿಯಾಗಿ ಪ್ರಾರಂಭಿಸಿ ರಾಜ್ಯದ ಸೂತ್ರವನ್ನೆಲ್ಲ ಕೈಗೆ ತೆಗೆದುಕೊಂಡವನು. ನಮ್ಮಲ್ಲಿ ಗುಮಾಸ್ತೆಯ ಕೆಲಸ ಮಾಡುವವರು ಇದನ್ನು ಗಮನಿಸಬೇಕು: ಕತ್ತಿ ಹಿಡಿದವರು ಬಂದು ಹೋದರು, ಪುಸ್ತಕ ಬರೆದಿಟ್ಟವನು ಕೊನೆಯ ತನಕ ಕುಳಿತನು. ನಾನಾ ಬಾಲ ಪೇಶ್ವೆಯನ್ನು ಕಣ್ಣ ರೆಪ್ಪೆಯಂತೆ ಕಾಪಾಡಿದನು. ಓದು ಬರಹ, ಕುದುರೆ ಸವಾರಿ, ಪೂಜೆ, ಊಟ, ನಿದ್ರೆ ಎಲ್ಲಕ್ಕೂ ಹೊತ್ತು ನೇಮಿಸಿದನು. ಒಂಬತ್ತನೆಯ ವಯಸ್ಸಿನಲ್ಲಿ, 1783ರಲ್ಲಿ, ರಮಾಬಾಯಿಯೊಡನೆ ವೈಭವದಿಂದ ಮದುವೆ ಮಾಡಿಸಿದನು. ಯಾರು ಬಂದರು, ಏನು ಮಾತಾಡಿದರು ಎಂಬುದೆಲ್ಲವೂ ನಾನಾನ ಕಿವಿಗೆ ಬೀಳುತ್ತಿದ್ದಿತು. ತಂದೆಯ ಕೊಲೆ ನಡೆದ ಮನೆಯಲ್ಲಿ ಮಗನನ್ನು ಬೆಳೆಸುವವನು ಇನ್ನು ಹೇಗೆ ಇರಲಾದೀತು? ಆದರೂ ಹುಡುಗನು ಪ್ರಾಯಕ್ಕೆ ಬಂದ ಮೇಲೂ ಕಾವಲು ಸಡಿಲವಾಗಲಿಲ್ಲ ಎಂಬುದೇ ನಾನಾನ ಮೇಲಿನ ದೊಡ್ಡ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪವೆಂದೇ ನನ್ನ ಅಭಿಪ್ರಾಯ.

ಈ ಹುಡುಗನ ಹೆಸರಿನಲ್ಲಿಯೇ ನಮ್ಮ ಕನ್ನಡ ನಾಡಿನಲ್ಲಿ ಯುದ್ಧಗಳಾದವು. 1786ರಲ್ಲಿ ಮರಾಠರು ಟಿಪ್ಪೂ ಸುಲ್ತಾನನಿಂದ ಬಾದಾಮಿಯನ್ನು ತೆಗೆದುಕೊಂಡರು. 1790ರಲ್ಲಿ ಪೇಶ್ವೆ, ನಿಜಾಮ, ಇಂಗ್ಲಿಷರು ಕೂಡಿ ಟಿಪ್ಪುವಿನ ವಿರುದ್ಧ ಒಪ್ಪಂದ ಮಾಡಿಕೊಂಡರು. ಪರಶುರಾಮಭಾವು ಪಟವರ್ಧನನ ದಂಡು, ಜೊತೆಗೆ ಮುಂಬಯಿಯ ಇಂಗ್ಲಿಷರ ಒಂದು ಪಡೆ, ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ 1791ರ ವಸಂತದಲ್ಲಿ ಹಿಡಿದವು. ಅದೇ ವರುಷ ಆ ದಂಡಿನ ಬೆನ್ನಿಗೆ ಹೋದ ಪಿಂಡಾರಿಗಳು ಶೃಂಗೇರಿಯ ಮಠವನ್ನು ದೋಚಿದರು; ಮಠದ ಜೀರ್ಣೋದ್ಧಾರಕ್ಕೆ ಟಿಪ್ಪುವು ನೆರವು ಕಳಿಸಿದ ಕನ್ನಡದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇವೆಲ್ಲ ನಡೆದಾಗ ಪೇಶ್ವೆಗೆ ಹನ್ನೆರಡರಿಂದ ಹದಿನೇಳು. ಪತ್ರಗಳ ಮೇಲೆ ಒತ್ತಿದ ಮೊಹರು ಅವನದು. ಒತ್ತಿದ ಕೈ ನಾನಾನದು. ನಮ್ಮ ಹಳ್ಳಿಗಳಲ್ಲಿ ಪೇಶ್ವೆ ಎಂಬುದು ಒಂದು ಭಯದ ಹೆಸರಾಗಿ ಉಳಿಯಿತು. ಅದಕ್ಕೊಂದು ಮುಖವಿದ್ದೀತೆಂದು ಯಾರೂ ಎಣಿಸಿರಲಾರರು.

ಮುಖವಿದ್ದ ಹುಡುಗನಿಗೆ ಪ್ರೀತಿ ಇದ್ದುದು ಪ್ರಾಣಿಗಳ ಮೇಲೆ. ಪರ್ವತಿ ಗುಡ್ಡದ ಬುಡದಲ್ಲಿ ಅವನದೊಂದು ಮೃಗಾಲಯವಿದ್ದಿತು. ಸಿಂಹವಿದ್ದಿತು, ಖಡ್ಗಮೃಗವಿದ್ದಿತು, ಜಿಂಕೆಗಳಿದ್ದವು. ಆ ಖಡ್ಗಮೃಗದ ಚಿತ್ರವನ್ನು 1790ರಲ್ಲಿ ಪುಣೆಯ ಗಂಗಾರಾಮ ತಾಂಬಟ ಎಂಬ ಕುಶಲಿಯೊಬ್ಬನು ಬರೆದುದು ಉಳಿದುಬಂದಿದೆ. ಈ ಗಂಗಾರಾಮನಿಗೆ ಚಿತ್ರದ ಕೆಲಸ ಕೊಡುತ್ತಿದ್ದವನು ಚಾರ್ಲ್ಸ್ ಮ್ಯಾಲೆಟ್, ಇಂಗ್ಲಿಷ್ ಕಂಪನಿಯ ರೆಸಿಡೆಂಟ್. 1786ರಿಂದ ಅವನು ಪುಣೆಯಲ್ಲಿ, ಮುಳಾ ಮುಠಾ ನದಿಗಳು ಕೂಡುವ ಸಂಗಮದ ಬಳಿ ಬೀಡುಬಿಟ್ಟಿದ್ದನು. ಚತುರನಾದ ರಾಯಭಾರಿ. ದರಬಾರಿಗೆ ಕಾಲಿಡಲು ತೋಪು ಬಂದೂಕುಗಳಿಗಿಂತ ಚಿತ್ರಕಲೆಯೇ ಸುಲಭವಾದ ಬಾಗಿಲೆಂಬುದನ್ನು ಅವನು ಅರಿತಿದ್ದನು.

ಅವನ ಆಹ್ವಾನದಂತೆ 1792ರಲ್ಲಿ ಪುಣೆಗೆ ಬಂದವನು ಜೇಮ್ಸ್ ವೇಲ್ಸ್. 1747ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಎಂಬ ಕಡಲೂರಿನಲ್ಲಿ ಹುಟ್ಟಿ, ಬಹುಮಟ್ಟಿಗೆ ತಾನಾಗಿಯೇ ಚಿತ್ರ ಕಲಿತು, ಹೊಟ್ಟೆಪಾಡಿಗಾಗಿ ನಲವತ್ತು ದಾಟಿದ ಮೇಲೆ ಹಡಗು ಹತ್ತಿ 1791ರಲ್ಲಿ ಮುಂಬಯಿಗೆ ಬಂದಿಳಿದವನು. ಪರಸ್ಥಳಕ್ಕೆ ದುಡಿಯಲು ಬಂದವರ ಪಾಡು ನಮಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಪುಣೆಯಲ್ಲಿ ಅವನಿಗೆ ಕೈತುಂಬ ಕೆಲಸ ಸಿಕ್ಕಿತು. ಗಂಗಾರಾಮನ ಪರಿಚಯವಾಗಿ ಇಬ್ಬರೂ ಒಬ್ಬರಿಂದೊಬ್ಬರು ಕಲಿತರು. ನಾನಾ ಫಡನವೀಸನು ಅವನ ಮುಂದೆ ಕುಳಿತನು, ಉತ್ತರದಿಂದ ಬಂದಿದ್ದ ಮಹಾದಜಿ ಸಿಂದೆ ಕುಳಿತನು. ಹದಿನೆಂಟರ ತರುಣ ಪೇಶ್ವೆಯೂ ಕುಳಿತನು.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ದರಬಾರಿನಲ್ಲಿ ಒಡೆಯನ ಮುಖವನ್ನು ಯಾರೂ ನೆಟ್ಟ ನೋಟದಿಂದ ನೋಡುವುದಿಲ್ಲ. ಸರದಾರನು ತಲೆ ತಗ್ಗಿಸುವನು, ಸೇವಕನು ಪಾದವನ್ನು ನೋಡುವನು, ಪುರೋಹಿತನು ಪಂಚಾಂಗವನ್ನು ನೋಡುವನು. ಮುಖವನ್ನು ಬಿಡುಗಣ್ಣಿನಿಂದ ನೋಡುವ ಸಲುಗೆ ಲೋಕದಲ್ಲಿ ಕೆಲವರಿಗೇ ಉಂಟು: ಹೆತ್ತ ತಾಯಿಗೆ, ಕ್ಷೌರಿಕನಿಗೆ, ಕಾಯಿಲೆ ಬಿದ್ದಾಗ ವೈದ್ಯನಿಗೆ. ತಾಯಿ ಇಲ್ಲದ ಈ ತರುಣನ ಮುಖವನ್ನು ಎಲ್ಲರೂ ಕಾಯುತ್ತಿದ್ದರು, ನೋಡುವವರು ಮಾತ್ರ ಕಡಮೆ. ನಾನಾನ ಕಣ್ಣು ಯಾವಾಗಲೂ ಅವನ ಮೇಲಿದ್ದಿತು ನಿಜ. ಆದರೆ ಅದು ಪೆಟ್ಟಿಗೆಯ ಬೀಗ ಭದ್ರವಾಗಿದೆಯೆ ಎಂದು ನೋಡುವ ಕಣ್ಣು. ಚಿತ್ರಕಾರನು ಬಂದು ಎದುರು ಕುಳಿತನು. ಅವನಿಗೆ ಮರಾಠಿಯಲ್ಲಿ ಸರಾಗವಾಗಿ ಮಾತಾಡಲು ಬಾರದು, ಇವನಿಗೆ ಇಂಗ್ಲಿಷು ತಿಳಿಯದು. ನಡುವೆ ದುಭಾಷಿಗಳಿದ್ದರು, ಸುತ್ತ ನಾನಾನ ಜನರಿದ್ದರು. ಆದರೂ ಕಿವಿಯ ಹಾಲೆ ಎಲ್ಲಿ ಕೊನೆಗೊಳ್ಳುವುದು, ಕಣ್ಣಿನ ಕೆಳಗೆ ಎಷ್ಟು ನೆರಳಿರುವುದು, ತುಟಿಯ ಮೂಲೆ ಏರಿದೆಯೊ ಇಳಿದಿದೆಯೊ ಎಂದು ನೋಡಲು ಅಪ್ಪಣೆ ಪಡೆದವನು ಆ ಸಭೆಯಲ್ಲಿ ಅವನೊಬ್ಬನೇ.

ಚಿತ್ರದ ಕಸಬಿನ ಕ್ರಮವನ್ನೂ ತಿಳಿಯಬೇಕು. ದೊಡ್ಡವರು ಕುಳಿತುಕೊಳ್ಳುವ ಹೊತ್ತು ಅಲ್ಪ. ಆದುದರಿಂದ ಚಿತ್ರಕಾರನು ಮೊದಲು ಪೆನ್ಸಿಲಿನಿಂದ ಕಣ್ಣು, ಮೂಗು, ಬಾಯಿಗಳನ್ನು ಹಿಡಿಯುವನು. ಅಂಗಿ, ಮುಂಡಾಸು, ಮುತ್ತಿನ ಸರಗಳನ್ನು ಒಂದೆರಡು ಗೆರೆಗಳಲ್ಲಿ ಸೂಚಿಸಿ ಬಿಡುವನು. ಅವುಗಳನ್ನು ಆಮೇಲೆ ಬೇರೆ ಯಾರಿಗಾದರೂ ತೊಡಿಸಿ, ಇಲ್ಲವೆ ಗೊಂಬೆಗೆ ಹಾಕಿ ಬರೆಯಬಹುದು. ಮುಖಕ್ಕೆ ಮಾತ್ರ ಬದಲಿ ಇಲ್ಲ. ಆದುದರಿಂದಲೇ ಕರಡು ಚಿತ್ರದಲ್ಲಿ ಮುಖ ತುಂಬಿರುವುದು, ಭುಜದ ಕೆಳಗೆ ಕಾಗದ ಬರಿದಾಗಿರುವುದು. ಬಣ್ಣ ತುಂಬಿದ ಮೇಲೆ ಅದೇ ಚಿತ್ರದಲ್ಲಿ ಪದವಿ ಎದ್ದು ಕಾಣುವುದು, ಮನುಷ್ಯನು ಸ್ವಲ್ಪ ಹಿಂದೆ ಸರಿಯುವನು. ಗೆರೆ ತಪ್ಪಿದಲ್ಲಿ ಎರಡನೆಯ ಗೆರೆ ಎಳೆದಿರುವುದು ಕರಡಿನಲ್ಲಿ ಮರೆಯಾಗದೆ ಉಳಿಯುವುದು. ಕುಳಿತವನು ತಲೆಯನ್ನು ಸ್ವಲ್ಪ ಹೊರಳಿಸಿದನೆಂಬುದಕ್ಕೆ ಆ ಎರಡು ಗೆರೆಗಳೇ ಸಾಕ್ಷಿ. ಬಣ್ಣದ ಪಟದಲ್ಲಿ ಯಾರೂ ತಲೆ ಹೊರಳಿಸುವುದಿಲ್ಲ.

ಆ ಕಾಲದ ಪೆನ್ಸಿಲಿನ ಸಂಗತಿ ಕೂಡ ಸ್ವಾರಸ್ಯದ್ದು. ಇಂಗ್ಲೆಂಡಿನ ಬಾರೋಡೇಲ್ ಕಣಿವೆಯ ಗಣಿಯಲ್ಲಿ ಸಿಕ್ಕುವ ಶುದ್ಧವಾದ ಕಪ್ಪು ಸೀಸವನ್ನು, ನಿಜಕ್ಕೂ ಸೀಸವಲ್ಲದ ಗ್ರಾಫೈಟನ್ನು, ಕಡ್ಡಿಯಾಗಿ ಕತ್ತರಿಸಿ ಮರದಲ್ಲಿ ಕೂಡಿಸುತ್ತಿದ್ದರು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಹತ್ತಿ ಈ ಸರಕು ನಿಂತುಹೋದಾಗ, ಕೊಂತೆ ಎಂಬ ಫ್ರೆಂಚನು ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರಸಿ ಸುಟ್ಟು ಕಡ್ಡಿ ಮಾಡುವ ವಿಧಾನವನ್ನು ಕಂಡುಹಿಡಿದು 1795ರಲ್ಲಿ ಅದರ ಹಕ್ಕನ್ನು ಪಡೆದನು. ಇಂದು ನಾವು ಕಿವಿಗೆ ಸಿಕ್ಕಿಸಿಕೊಳ್ಳುವ ಪೆನ್ಸಿಲು ಅದರ ಸಂತತಿ. ಇದೇ 1795 ನಮ್ಮ ಕಥೆಯಲ್ಲಿಯೂ ಕೊನೆಯ ವರುಷ.

ವೇಲ್ಸನು 1792ರಲ್ಲಿ ಪೇಶ್ವೆಯ ತೈಲಚಿತ್ರವೊಂದನ್ನು ಮುಗಿಸಿದನು. ಪಕ್ಕದಲ್ಲಿ ನಾನಾ, ಹಿಂದೆ ಸೇವಕರು. ಅದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಕ್ಕೆ ಸೇರಿತು. ಇನ್ನೊಂದು ದೊಡ್ಡ ಕೆಲಸವನ್ನು ಮ್ಯಾಲೆಟ್ ಒಪ್ಪಿಸಿದ್ದನು: 1790ರ ಒಪ್ಪಂದದ ದರಬಾರನ್ನು, ಎಲ್ಲ ಸರದಾರರ ಮುಖಗಳೊಡನೆ, ಒಂದೇ ಪಟದಲ್ಲಿ ತರಬೇಕು. ಅಂದರೆ ಟಿಪ್ಪುವಿನ ವಿರುದ್ಧ ಕೈಗೂಡಿಸಿದ, ಧಾರವಾಡಕ್ಕೆ ದಂಡು ಕಳಿಸಿದ ಅದೇ ಸಭೆ. ಆ ದರಬಾರು ನಡೆದಾಗ ವೇಲ್ಸನು ಹಿಂದೂಸ್ಥಾನದಲ್ಲಿಯೇ ಇರಲಿಲ್ಲ. ಆದುದರಿಂದ ಒಬ್ಬೊಬ್ಬರನ್ನಾಗಿ ಕೂರಿಸಿ ಪೆನ್ಸಿಲಿನ ಕರಡುಗಳನ್ನು ತೆಗೆಯತೊಡಗಿದನು. ಮುಖಗಳು, ಮುಂಡಾಸುಗಳು, ಕುಳಿತ ಭಂಗಿಗಳು, ಕಂಬ ಕಮಾನುಗಳು.

ಈ ನಡುವೆ ತರುಣನ ಬಾಳಿನಲ್ಲಿ ಸ್ವಲ್ಪ ಕಾಲ ಬೆಳಕು ಮೂಡಿತ್ತು. 1792ರ ಜೂನ್ ತಿಂಗಳಲ್ಲಿ ಪುಣೆಗೆ ಬಂದ ಮಹಾದಜಿ ಸಿಂದೆ ಬಿಗಿಮೋರೆಯವನಲ್ಲ. ದಿಲ್ಲಿಯ ಬಾದಶಹನಿಂದ ತಂದ ಪದವಿಯ ಬಿರುದನ್ನು ಪೇಶ್ವೆಗೆ ಒಪ್ಪಿಸುವಾಗ, ಇಷ್ಟು ದೊಡ್ಡ ಸರದಾರನು ಪೇಶ್ವೆಯ ಪಾದರಕ್ಷೆಗಳನ್ನು ಹಿಡಿದು ನಿಂತನು. ಅದರಲ್ಲಿ ನಾಟಕವೂ ಇದ್ದಿತು, ನಾನಾನನ್ನು ಕೆಣಕುವ ಉದ್ದೇಶವೂ ಇದ್ದಿತು. ಆದರೆ ಅವನು ಹುಡುಗನನ್ನು ಬೇಟೆಗೆ ಕರೆದೊಯ್ದನು, ಬಣ್ಣದ ಹಬ್ಬ ಆಡಿಸಿದನು, ವಿನೋದವಾಗಿ ಮಾತಾಡಿಸಿದನು. 1793ರಲ್ಲಿ ರಮಾಬಾಯಿ ತೀರಿಕೊಂಡಳು; ಯಶೋದಾಬಾಯಿ ಎಂಬ ಚಿಕ್ಕ ಹುಡುಗಿಯನ್ನು ತಂದು ಎರಡನೆಯ ಮದುವೆ ಮಾಡಿದರು. 1794ರ ಫೆಬ್ರವರಿ 12ರಂದು ಮಹಾದಜಿಯೂ ಪುಣೆಯ ಬಳಿಯ ವಾನವಡಿಯಲ್ಲಿ ಜ್ವರದಿಂದ ಕಾಲವಾದನು. ಮನೆಯೊಳಗೆ ಮತ್ತೆ ನಾನಾ ಒಬ್ಬನೇ ಉಳಿದನು.

1795ರ ಮಾರ್ಚ್‌ನಲ್ಲಿ ಖರ್ಡಾ ಎಂಬಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ಎಲ್ಲ ಸರದಾರರೂ ಒಂದೇ ಪೇಶ್ವೆಯ ಧ್ವಜದ ಕೆಳಗೆ ಕೂಡಿದ್ದು ಅದೇ ಕೊನೆಯ ಸಲ. ಪುಣೆಯಲ್ಲಿ ವಿಜಯೋತ್ಸವವಾಯಿತು. ಪೇಶ್ವೆಗೆ ಇಪ್ಪತ್ತೊಂದು ತುಂಬಿತು. ಇದೇ ಕಾಲಕ್ಕೆ ಅವನು ಒಂದು ಗುಟ್ಟಿನ ಕೆಲಸ ಮಾಡಿದ್ದನು. ತನ್ನ ತಂದೆಯ ಕೊಲೆಗೆ ಕಾರಣನಾದ ರಘುನಾಥರಾಯನ ಮಗ ಬಾಜೀರಾಯನು ಜುನ್ನರದ ಕಡೆ ಸೆರೆಯಲ್ಲಿದ್ದನು; ಹೆಚ್ಚುಕಡಮೆ ಸಮವಯಸ್ಕ. ಅವನಿಗೂ ಇವನಿಗೂ ಗೋಪ್ಯವಾಗಿ ಪತ್ರಗಳು ನಡೆದವು. ಒಬ್ಬನು ಕೋಟೆಯಲ್ಲಿ ಸೆರೆ, ಇನ್ನೊಬ್ಬನು ವಾಡೆಯಲ್ಲಿ. ಪತ್ರದ ವಿಷಯ ನಾನಾನಿಗೆ ತಿಳಿದುಹೋಯಿತು. ಪತ್ರ ಸಾಗಿಸಿದವರಿಗೆ ಶಿಕ್ಷೆಯಾಯಿತು. ಪೇಶ್ವೆಗೆ ಕಠೋರವಾದ ಮಾತುಗಳಾದವೆಂದು ಇತಿಹಾಸಕಾರ ಗ್ರ್ಯಾಂಟ್ ಡಫ್ ಬರೆದಿರುವನು.

ಆ ವರುಷದ ದಸರೆಯ ಮೆರವಣಿಗೆಯಲ್ಲಿ ಪೇಶ್ವೆ ಕಾಣಿಸಿಕೊಂಡನು. ಮೈಯಲ್ಲಿ ಜ್ವರ, ಮನಸ್ಸು ನೆಲೆಯಲ್ಲಿಲ್ಲ. ಅಕ್ಟೋಬರ್ 25ರಂದು ಶನಿವಾರವಾಡೆಯ ಮೇಲಣ ಅಂತಸ್ತಿನಿಂದ ಕೆಳಗಿದ್ದ ಕಾರಂಜಿಯ ಮೇಲೆ ಬಿದ್ದನು. 27ರಂದು ಪ್ರಾಣ ಹೋಯಿತು. ತಾನಾಗಿ ಹಾರಿಕೊಂಡನೆಂದು ಕೆಲವರು, ಜ್ವರದ ಭ್ರಮೆಯಲ್ಲಿ ಜಾರಿದನೆಂದು ಕೆಲವರು. ಈ ವಾದ ಇನ್ನೂ ನಡೆದೇ ಇದೆ. ಬೀಳಲು ಒಂದು ಕ್ಷಣ ಸಾಕು. ಅದಕ್ಕೆ ಮೊದಲಿನ ಇಪ್ಪತ್ತೊಂದು ವರುಷಗಳನ್ನು ಬಿಟ್ಟು ಆ ಕ್ಷಣವನ್ನೇ ಹಿಡಿದು ಜಗ್ಗಾಡುವುದು ನನಗೆ ಸರಿಕಾಣದು. ವಾಡೆಯ ಅಂಗಳದಲ್ಲಿ ಇಂದಿಗೂ ತೋರಿಸುವ, ಕಮಲದ ಆಕಾರದ ಹಜಾರಿ ಕಾರಂಜಿಯನ್ನು ಕಟ್ಟಿಸಿದುದು ಈ ಬಾಲ ಪೇಶ್ವೆಯ ವಿನೋದಕ್ಕಾಗಿಯೇ ಎಂದು ಹೇಳುವರು.

ಚಿತ್ರಕಾರನ ಗತಿಯೂ ಅದೇ ಕಾಲದಲ್ಲಿ ಮುಗಿಯಿತು. ವೇಲ್ಸನು ಎಲ್ಲೋರದ ಗುಹೆಗಳ ಚಿತ್ರಗಳನ್ನು ಮಾಡಿಕೊಂಡು, ಈಗ ಬೊರಿವಲಿ ಠಾಣೆಗಳಿರುವ ಸಾಲಸೆಟ್ಟೆಯ ಗುಹಾಲಯಗಳ ಕೆಲಸಕ್ಕೆ ತೊಡಗಿದ್ದನು. ಕಾಡಿನ ಜ್ವರ ಹತ್ತಿ 1795ರ ಕೊನೆಯ ತಿಂಗಳುಗಳಲ್ಲಿ ಸತ್ತನು. ಕುಳಿತವನೂ ಹೋದನು, ಬರೆದವನೂ ಹೋದನು. ಪೆನ್ಸಿಲಿನ ಗೆರೆಗಳು ಎಲ್ಲಿದ್ದವೊ ಅಲ್ಲಿಯೇ ನಿಂತವು.

ಆ ಕಾಗದಗಳನ್ನು ಮ್ಯಾಲೆಟ್ ತನ್ನ ಸಂಗಡ ಇಂಗ್ಲೆಂಡಿಗೆ ಕೊಂಡೊಯ್ದನು. ವೇಲ್ಸನ ಹಿರಿಯ ಮಗಳು ಸುಸಾನಾಳನ್ನು 1799ರಲ್ಲಿ ಅವನು ಮದುವೆಯಾದುದರಿಂದ ಕರಡುಗಳು ಒಂದು ರೀತಿಯಲ್ಲಿ ಮನೆಯ ಸೊತ್ತೇ ಆದವು. ದರಬಾರಿನ ಪಟವನ್ನು ಪೂರ್ತಿ ಮಾಡುವ ಕೆಲಸ ಥಾಮಸ್ ಡೇನಿಯಲ್ ಎಂಬ ಪ್ರಸಿದ್ಧ ಚಿತ್ರಕಾರನಿಗೆ ಬಿದ್ದಿತು. 1805ರಲ್ಲಿ ಅವನು ಅದನ್ನು ಮುಗಿಸಿದನು. ಈಗ ಲಂಡನ್ನಿನ ಟೇಟ್ ಕಲಾಸಂಗ್ರಹದಲ್ಲಿರುವ ಆ ಪಟದಲ್ಲಿ ಎಲ್ಲವೂ ಇದೆ: ಗಣಪತಿ ರಂಗಮಹಲಿನ ಕಂಬಗಳು, ಸಾಲಾಗಿ ಕುಳಿತ ಸರದಾರರು, ಟೊಪ್ಪಿಯ ಇಂಗ್ಲಿಷರು, ನಡುವೆ ಹದಿನಾರರ ಪೇಶ್ವೆ. ಬರೆಯುವ ಹೊತ್ತಿಗೆ ಪೇಶ್ವೆ ಸತ್ತು ಹತ್ತು ವರುಷ, ನಾನಾ ಫಡನವೀಸನು ಸತ್ತು ಐದು ವರುಷ. ಕರಡು ತೆಗೆದವನು ಆ ದರಬಾರನ್ನು ನೋಡಿರಲಿಲ್ಲ. ಬಣ್ಣ ತುಂಬಿದವನೂ ನೋಡಿರಲಿಲ್ಲ. ಪಟ ಭವ್ಯವಾಗಿದೆ, ಇತಿಹಾಸದ ಪುಸ್ತಕಗಳಲ್ಲೆಲ್ಲ ಅಚ್ಚಾಗಿದೆ. ಆದರೆ ಮದುವೆಯ ಗುಂಪು ಫೋಟೋದಲ್ಲಿ ನಮ್ಮ ಮುಖವನ್ನು ನಾವೇ ಹುಡುಕುವಂತೆ ಅಲ್ಲಿ ಹುಡುಗನನ್ನು ಹುಡುಕಬೇಕಾಗುವುದು.

ಕರಡುಗಳು ಮ್ಯಾಲೆಟ್ ವಂಶದವರಲ್ಲಿ ಬಹುಕಾಲ ಇದ್ದು, ಕೈಯಿಂದ ಕೈಗೆ ಸಾಗಿ, ಈಗ ಅಮೆರಿಕೆಯ ನ್ಯೂ ಹೇವನ್ ಎಂಬ ಊರಿನಲ್ಲಿ, ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿವೆ. ವೇಲ್ಸನ ಪುಣೆಯ ಮುಖಗಳೂ, ಗಂಗಾರಾಮ ತಾಂಬಟನ ಖಡ್ಗಮೃಗವೂ ಅಲ್ಲಿ ನೆರೆಹೊರೆಯವರಾಗಿ ಕುಳಿತಿವೆ. ಇಂಥ ಅರ್ಧಗೆರೆಯ ಚಿತ್ರಗಳ ಬೆಲೆ ಇತರ ದೇಶದವರಿಗೂ ಗೊತ್ತಿರುವುದೇ. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟೆನಳ ಮುಖವನ್ನು ಅವಳ ಅಕ್ಕ ಕಸಾಂಡ್ರಾ 1810ರ ಸುಮಾರಿಗೆ ಪೆನ್ಸಿಲಿನಿಂದ ಬರೆದು, ಮುಖಕ್ಕಷ್ಟೆ ನೀರುಬಣ್ಣ ಹಚ್ಚಿ, ಉಳಿದುದನ್ನು ಗೆರೆಯಲ್ಲಿಯೇ ಬಿಟ್ಟಳು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಶಾಲೆಯಲ್ಲಿ ದೊಡ್ಡ ದೊಡ್ಡ ಪಟಗಳ ನಡುವೆ ಆ ಅಂಗೈಯಗಲದ ಕಾಗದವನ್ನು ನೋಡಲು ಜನರು ಹೋಗುತ್ತಾರೆ. ಅಲ್ಲಿ ನೋಡಿದವಳು ಒಡಹುಟ್ಟಿದವಳು. ಪುಣೆಯಲ್ಲಿ ನೋಡಿದವನು ಸಂಬಳಕ್ಕೆ ಬಂದ ಪರದೇಶಿ, ಅದೂ ವೈರಿಯಾಗಲಿದ್ದ ಕಂಪನಿಯ ಕಡೆಯವನು. ಆದುದರಿಂದ ವೇಲ್ಸನನ್ನು ಪೇಶ್ವೆಯ ಆಪ್ತಮಿತ್ರನೆಂದು ಹೊಗಳಲು ನಾನು ಸಿದ್ಧನಿಲ್ಲ. ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡಿದನು; ಎದುರಿಗಿದ್ದವನನ್ನು ಸರಿಯಾಗಿ ನೋಡಿದನು. ಆ ಹುಡುಗನಿಗೆ ಸಿಕ್ಕಿದ್ದರಲ್ಲಿ ಅದೇನೂ ಸಣ್ಣದಲ್ಲ.

ಉಳಿದ ಕಥೆಯನ್ನು ಬೇಗ ಹೇಳಬಹುದು. 1796ರ ಕೊನೆಗೆ ಸೆರೆಯಿಂದ ಬಂದ ಬಾಜೀರಾಯನೇ ಪೇಶ್ವೆಯಾದನು. ನಾನಾ 1800ರ ಮಾರ್ಚ್ 13ರಂದು ತೀರಿಕೊಂಡನು. ಇಂಗ್ಲಿಷರ ದಂಡು ನಮ್ಮ ಶಿರೂರಿನಲ್ಲಿಯೇ ಛಾವಣಿ ಹೂಡಿತು. 1817ರ ಡಿಸೆಂಬರ್ 31ರ ರಾತ್ರಿ ಕ್ಯಾಪ್ಟನ್ ಸ್ಟಾಂಟನನ ಪಡೆ ಪುಣೆಯ ಕಡೆಗೆ ಹೊರಟುದು ಇಲ್ಲಿಂದಲೇ. ಮರುದಿನ ಭೀಮಾ ತೀರದ ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯವನ್ನು ಎದುರಿಸಿತು. ಆ ಪಡೆಯಲ್ಲಿ ಮಹಾರ ಸಿಪಾಯಿಗಳು ಬಹಳ ಮಂದಿ ಇದ್ದರು; ಸತ್ತವರ ಹೆಸರುಗಳನ್ನು ಕೆತ್ತಿದ ಕಂಬದ ಬಳಿಗೆ ಡಾ. ಅಂಬೇಡ್ಕರರು 1927ರ ಜನವರಿ 1ರಂದು ಬಂದಿದ್ದರು. 1818ರಲ್ಲಿ ಪೇಶ್ವೆ ಆಳಿಕೆ ಅಳಿಯಿತು. 1828ರ ಫೆಬ್ರವರಿಯಲ್ಲಿ ಶನಿವಾರವಾಡೆಗೆ ಬೆಂಕಿ ಬಿದ್ದು ಮರದ ಮಹಲುಗಳೆಲ್ಲ ದಿನಗಟ್ಟಲೆ ಉರಿದವು. ಪೇಶ್ವೆ ಕುಳಿತ ರಂಗಮಹಲೂ ಇಲ್ಲ, ಅವನು ಬಿದ್ದ ಅಂತಸ್ತೂ ಇಲ್ಲ. ಈಗ ನಾವು ಟಿಕೀಟು ತೆಗೆದು ನೋಡುವುದು ಕೋಟೆಯ ಗೋಡೆ, ದಿಲ್ಲಿ ದರವಾಜೆ, ಕಲ್ಲಿನ ತಳಪಾಯ, ನೀರಿಲ್ಲದ ಕಾರಂಜಿ. ಉರಿಯಬಹುದಾಗಿದ್ದ ಕಾಗದ ಮಾತ್ರ ಸಮುದ್ರ ದಾಟಿ ಹೋದುದರಿಂದ ಉಳಿದುಕೊಂಡಿತು.

ಎರಡು ತಿಂಗಳಾದ ಮೇಲೆ ಕೆಲಸದ ನಿಮಿತ್ತ ಮತ್ತೆ ಶಿರೂರಿಗೆ ಹೋಗಿದ್ದೆನು. ಅದೇ ಉಪಾಹಾರಗೃಹ, ಅದೇ ಗಲ್ಲೆ. ಮಾಣಿ ಕಾಣಲಿಲ್ಲ, ಹೆಚ್ಚಿನ ಸಂಬಳಕ್ಕೆ ನಾಸಿಕದ ಕಡೆ ಹೋದನೆಂದು ತಿಳಿಯಿತು. ಆ ಚಿತ್ರ ಏನಾಯಿತೆಂದು ಕೇಳಿದೆನು. ರಾಯರು ಗಲ್ಲೆಯ ಡ್ರಾಯರನ್ನು ಎಳೆದು, ನೋಟುಗಳ ತಳದಿಂದ ಒಂದು ಪ್ಲಾಸ್ಟಿಕ್ ಚೀಲವನ್ನು ತೆಗೆದರು. ಬಿಲ್ಲಿನ ಹಾಳೆ ಒಂದು ಮಡಿಕೆಯೂ ಬೀಳದೆ ಅದರೊಳಗಿದ್ದಿತು. ಕಿವಿ ಬಂದಿರಲಿಲ್ಲ. ಪಟ್ಟಣದಲ್ಲಿ ಚಿತ್ರ ಬರೆಯುವವರು ಬೇಕಾದಷ್ಟು ಮಂದಿ ಇರುವರು, ಯಾರಿಂದಲಾದರೂ ಪೂರ್ತಿ ಮಾಡಿಸಬಹುದಲ್ಲ ಎಂದು ನಾನು ಸೂಚಿಸಿದೆನು. ಅವರು ಬೇಡವೆಂದು ತಲೆಯಾಡಿಸಿ ಚೀಲವನ್ನು ಮೊದಲಿನ ಜಾಗಕ್ಕೆ ಸೇರಿಸಿದರು. ಗಿರಾಕಿಯೊಬ್ಬನು ಚಿಲ್ಲರೆಗಾಗಿ ಕೈಚಾಚಿ ನಿಂತಿದ್ದನು.